ಮಾಷ್ಟ್ರಿಗೆ ಒಂದು ಆನೆ ಕೊಟ್ಟೆ

ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಮಹಡಿ ಕೋಣೆಯಲ್ಲಿ ಭಾನುವಾರ ನಾವು ಕೆಲವರು ಚೆಸ್ ಆಡಲು ಸೇರುತ್ತೇವೆ. ಅಲ್ಲಿ ರಿಟೈರ್ಡ್ ಮಾಷ್ಟ್ರೊಬ್ಬರಿದ್ದಾರೆ. ಅವರೆದುರು ಕಪ್ಪಿನಲ್ಲಿ ಸಿಸಿಲಿಯನ್ ಎಂಬ ಆರಂಭ ಆಡಿದರೆ, ಅದರಲ್ಲೂ ಅದರ ಡ್ರ್ಯಾಗನ್ ಎಂಬ ಬಗೆ ಆಡಿದರೆ, ಮುಖ ಅರಳುತ್ತದೆ. 1974ರ ಕ್ಯಾಂಡಿಡೇಟ್ಸ್ ಫೈನಲ್‌ನಲ್ಲಿ (ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಪಂದ್ಯ), ಮಾಸ್ಕೋದಲ್ಲಿ, ಕೊರ್ಚ್‌ನಾಯ್ ಆಡಿದ ಡ್ರ್ಯಾಗನ್ನನ್ನು ಕಾರ್ಪೋವ್ 27 ನಡೆಯಲ್ಲಿ ಮುಗಿಸಿದ ಆಟ ಅವರಿಗೆ ಬಾಯಿಪಾಠ. ಅವರು ಹೇಳಿ ಹೇಳಿ ನನಗೂ ಬಾಯಿಪಾಠ.

ಮೊನ್ನೆ ಹೊರಗೆ ಜಡಿಮಳೆ. ಅವರು ಇ4, ನಾನು ಸಿ5 (ಅಕ್ಷರ ಉದ್ದ ಸಾಲಿಗೆ, ಅಂಕೆ ಅಡ್ಡ ಸಾಲಿಗೆ). 18 ನಡೆವರೆಗೂ ಕಾರ್ಪೋವ್ ಆಟದ್ದೇ ದಾರಿ. ಹೆಚ್ ಸಾಲು ತೆರೆಯಲು ಅವರು ಒಂದು ಪಾನ್ (ಕಾಲಾಳು) ಕೊಟ್ಟರು, ನನ್ನ ರಾಜನ ಕಾವಲಿಗಿದ್ದ ಬಿಷಪ್ಪನ್ನು ಬದಲಾಯಿಸಿ ತೆಗೆದರು, ಕ್ವೀನ್ ತಂದು ಹೆಚ್6ರಲ್ಲಿ ಕೂರಿಸಿದರು. ನಾನು ಎರಡೂ ಆನೆ (ರೂಕ್) ಸಿ ಸಾಲಿಗೆ ತಂದೆ. ಡ್ರ್ಯಾಗನ್ ಅಂದರೆ ಇಷ್ಟೇ, ರಾಜರು ಒಬ್ಬೊಬ್ಬರು ಒಂದೊಂದು ಕಡೆ, ಯಾರ ದಾಳಿ ಮೊದಲು ಮುಟ್ಟುತ್ತದೋ ಅವರು ಗೆದ್ದರು.

ಇಲ್ಲಿ ಕಾರ್ಪೋವ್ ಆನೆಯನ್ನು ಸುಮ್ನೆ ಡಿ3ಕ್ಕೆ ಎತ್ತಿದ್ದ. ನೋಡಲು ಸಪ್ಪೆ ನಡೆ. ಆದರೆ ಸಿ3ಯಲ್ಲಿರುವ ಕುದುರೆಯನ್ನು ಇ2ರ ಕುದುರೆ ಕಾಯುತ್ತಿರುತ್ತದೆ, ಆ ಕೆಲಸ ಆನೆಗೆ ವಹಿಸಿದರೆ ಇ2ರ ಕುದುರೆ ದಾಳಿಗೆ ಹೋಗಬಹುದು. ನನ್ನ ಪ್ರಕಾರ ಇಡೀ ಆಟದ ಗುಟ್ಟು ಇದೇ. ಆಮೇಲೆ ಬರುವ ಜಿ5 ಎಲ್ಲರಿಗೂ ನೆನಪಿರುತ್ತದೆ, ಇದು ಯಾರಿಗೂ ಇರುವುದಿಲ್ಲ.

ಮಾಷ್ಟ್ರಿಗೂ ಇರಲಿಲ್ಲ. ನೇರ ಜಿ5. ನನ್ನ ಕುದುರೆ ಹೆಚ್5ಕ್ಕೆ ಹೋಯಿತು. ಅದನ್ನು ಹೊಡೆಯಲು ಇ2ರ ಕುದುರೆ ಜಿ3ಗೆ ಹಾರಿತು. ಕಾವಲು ಹೋಯ್ತಲ್ವಾ! ಆನೆಯಿಂದ ಸಿ3 ಕುದುರೆ ಹೊಡೆದೆ.

"ಎಂಥ ಮಾರಾಯ, ಆನೆ ಬೇಡ್ವಾ ನಿಂಗೆ?" ಅಂತ ಪಾನ್‌ನಿಂದ ಹೊಡೆದು, ಆನೆಯನ್ನು ಚಾ ಗ್ಲಾಸಿನ ಪಕ್ಕ ಇಟ್ಟುಕೊಂಡರು. ನನ್ನ ಕ್ವೀನ್ ಸಿ3ಗೆ ಬಂದು ಕೂತಾಗ ಬೋರ್ಡಿನ ಮೇಲೆ ಬಗ್ಗಿದರು. ಮುಂದಿನ ನಡೆಗೆ ಸಿ2ರಲ್ಲಿ ಮೇಟ್. ಅವರ ಕ್ವೀನ್ ವಾಪಸ್ ಬರೋಣ ಅಂದರೆ ದಾರಿಗೆ ಅವರದ್ದೇ ಜಿ5 ಪಾನ್ ಅಡ್ಡ. ತುಂಬಾ ಹೊತ್ತು ಯೋಚಿಸಿ ಆನೆಯನ್ನು ಡಿ2ಕ್ಕೆ ತಂದರು. ಕ್ವೀನ್ ಎ1, ಮೇಟ್. ರಾಜನಿಗೆ ಓಡಲು ಇದ್ದ ಒಂದೇ ಮನೆಯಲ್ಲಿ ಈಗ ಆ ಆನೆ ಕೂತಿತ್ತು.

ಕಾಯಿಗಳನ್ನು ಮತ್ತೆ 19ನೇ ನಡೆಗೆ ಜೋಡಿಸಿದರು. "ಹೌದಲ್ಲ ಮಾರಾಯ, ಡಿ3!" ಅಂದರು. ನನಗಿಂತ ಜಾಸ್ತಿ ಖುಷಿ ಅವರಿಗೇ ಆದ ಹಾಗಿತ್ತು. ಆದರೂ ಮುಂದಿನ ವಾರ ಬಿಳಿ ಸಿಕ್ಕಿದಾಗ ಎರಡನೇ ನಡೆಗೇ ಸಿ3. ಅಲಾಪಿನ್ ಎಂಬ ಬೇರೆ ದಾರಿ! ಡ್ರ್ಯಾಗನ್ ಆಡಲು ಬಿಡಲೇ ಇಲ್ಲ. ಕೇಳಿದರೆ, "ಮಳೆಗಾಲ ಮುಗಿಯಲಿ, ಆಮೇಲೆ ನೋಡುವ" ಅನ್ನುತ್ತಾರೆ.