ಥಾನ ನೋಡಿ ಮರುಳಾಗಬೇಡಿ, ತುಂಡು ನೋಡಿ

ಧಾರವಾಡದ ಒಂದು ಸಣ್ಣ ಹೊಲಿಗೆ ಘಟಕದಲ್ಲಿ ಬಟ್ಟೆ ಆರಿಸಿ, ಬಣ್ಣ ಹೊಂದಿಸಿ ಕೊಡುವುದು ನನ್ನ ಕೆಲಸ. ಹೊಲಿಯುವವರು ಬೇರೆ. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಕೌದಿ ಹೊಲಿದು ಕೈ ಪಳಗಿಸಿಕೊಂಡವರು. ಈಚೆಗೆ ಷಟ್ಕೋನದ ಕೌದಿಗೆ ಕೇಳಿಕೆ ಜಾಸ್ತಿ. ಇಂಗ್ಲೆಂಡಿನ ಪದ್ಧತಿ ಅದು. ಆರು ಮೂಲೆಯ ಕಾಗದ ಕತ್ತರಿಸಿ, ಅದರ ಮೇಲೆ ಬಟ್ಟೆ ಮಡಚಿ ಕಚ್ಚಾ ಹೊಲಿಗೆ ಹಾಕಬೇಕು. ಆಮೇಲೆ ಅಂಚಿಗೆ ಅಂಚು ಸೇರಿಸಿ ಕೈಯಲ್ಲೇ ಹೊಲಿಯುತ್ತಾ ಹೋಗಬೇಕು. ಆರೂ ಬದಿ ಕೂಡಿದ ಮೇಲೆ ಒಳಗಿನ ಕಾಗದ ತೆಗೆಯುತ್ತೇವೆ. ಅಲ್ಲಿ ಹಿಂದೆ ಹಳೇ ಪತ್ರ, ಲೆಕ್ಕದ ಪುಸ್ತಕದ ಹಾಳೆ ಬಳಸುತ್ತಿದ್ದರು. ನಮ್ಮಲ್ಲಿ ಲಗ್ನಪತ್ರಿಕೆ. ದಪ್ಪ ಸರಿಯಾಗಿರುತ್ತದೆ, ಪುಕ್ಕಟೆ ಸಿಗುತ್ತದೆ. ಬಂಗಾರದ ಅಚ್ಚು ಇರುವ ಭಾಗ ಮಾತ್ರ ಬಿಡಿ, ಇಸ್ತ್ರಿ ಬಿಸಿಗೆ ಬಟ್ಟೆಗೆ ಹತ್ತಿಕೊಳ್ಳಬಹುದು.

ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಅಂಗಡಿಯವರು ಥಾನ ಬಿಚ್ಚಿ ಹರವಿದರೆ ಎಂಥವರಿಗೂ ಮನಸ್ಸು ಜಾರುತ್ತದೆ. ಆದರೆ ನಮಗೆ ಬೇಕಾಗಿರುವುದು ಥಾನ ಅಲ್ಲ, ತುಂಡು. ಒಂದು ಇಂಚಿನ ಷಟ್ಕೋನ ಅಂದರೆ ಪ್ರತಿ ಬದಿ ಒಂದು ಇಂಚು. ಎದುರುಬದುರು ಬದಿಗಳ ನಡುವೆ ಒಂದೂಮುಕ್ಕಾಲು ಇಂಚೂ ಇರುವುದಿಲ್ಲ. ಅಂಗೈ ಅಗಲದ ಹೂವು ಅದರಲ್ಲಿ ಹೇಗೆ ಹಿಡಿಸಬೇಕು? ಅದಕ್ಕೇ ನಾನು ಪೇಟೆಗೆ ಹೋಗುವಾಗ ಒಂದು ರಟ್ಟು ಒಯ್ಯುತ್ತೇನೆ. ನಡುವೆ ಷಟ್ಕೋನದ ಕಿಂಡಿ. ಅದನ್ನು ಬಟ್ಟೆ ಮೇಲೆ ಇಟ್ಟು ನೋಡಿದರೆ ಸಾಕು, ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಒಬ್ಬ ಗ್ರಾಹಕಿ ದೊಡ್ಡ ಗುಲಾಬಿ ಹೂವಿನ ಬಟ್ಟೆ ತಂದಿದ್ದರು. ನಮ್ಮ ಹಿರಿಯ ಹೊಲಿಗೆಯವರೊಬ್ಬರು ಆ ಕಿಂಡಿಯನ್ನು ಬಟ್ಟೆ ಮೇಲೆ ಸರಿಸುತ್ತಾ ಹೋದರು. "ನೋಡ್ರಿ ಅಕ್ಕಾರ, ಇಲ್ಲಿ ಎಲಿ ಅಷ್ಟ ಬಂತು. ಇಲ್ಲಿ ಬರೇ ಕೆಂಪು. ಇಲ್ಲಂತೂ ಏನೂ ಇಲ್ಲ. ಹೂವ ಎಲ್ಲೈತ್ರಿ?"

"ಹಂಗಾರ ಇದನ್ನ ಹಿಂದ್ಗಡೆ ಹಚ್ರಿ ಅವ್ವಾರ" ಅಂದರು ಆ ಗ್ರಾಹಕಿ.

ಅದೇ ಸರಿ. ಹಿಂಬದಿಗೆ ಬಟ್ಟೆ ಅಖಂಡವಾಗಿ ಬರುತ್ತದೆ, ಹೂವು ಪೂರ್ತಿ ಕಾಣುತ್ತದೆ. ದೊಡ್ಡ ಚಿತ್ರದ ಬಟ್ಟೆ ಮೇಲ್ಗಡೆಗೇ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ನಡುವಿನ ಒಂದು ಷಟ್ಕೋನದ ಸುತ್ತ ಎಸಳಿನಂತೆ ಆರು ಕೂಡಿಸಿದರೆ ಒಂದು ಹೂವು. ಆ ಆರೂ ಎಸಳಿಗೆ ಚಿತ್ರದ ಒಂದೇ ಜಾಗ ಹುಡುಕಿ ಹುಡುಕಿ ಕತ್ತರಿಸುವುದು. ಜೋಡಿಸಿದಾಗ ಬಹಳ ಚೆಂದ. ಆದರೆ ಉಳಿದ ಬಟ್ಟೆ ಜರಡಿಯಂತಾಗುತ್ತದೆ. ಮೊದಲೇ ಎರಡು ಪಟ್ಟು ಬಟ್ಟೆ ತನ್ನಿ ಅಂತ ಹೇಳಿಬಿಡುತ್ತೇನೆ.

ಬಣ್ಣದ ವಿಷಯಕ್ಕೆ ಬಂದರೆ, ಕೆಂಪೋ ಹಸಿರೋ ಅನ್ನುವುದಕ್ಕಿಂತ ಗಾಢವೋ ತಿಳಿಯೋ ಅನ್ನುವುದನ್ನು ಮೊದಲು ನೋಡಬೇಕು. ದಾಳಿಂಬೆ ಕೆಂಪು, ಬಾಟಲಿ ಹಸಿರು ಅಕ್ಕಪಕ್ಕ ಇಟ್ಟರೆ ಎಷ್ಟು ಬೇರೆ ಅನ್ನಿಸುತ್ತದೆ, ಅಲ್ವಾ? ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎರಡೂ ಒಂದೇ ಬೂದು. ಇವೆರಡನ್ನೇ ನಡುವಿಗೂ ಎಸಳಿಗೂ ಹಾಕಿದರೆ ನಾಲ್ಕು ಹೆಜ್ಜೆ ದೂರದಿಂದ ಹೂವೇ ಕಾಣುವುದಿಲ್ಲ, ಬರೀ ಕಪ್ಪು ಗುಡ್ಡೆ. ಹಾಗಾಗಿ ಒಂದು ಗಾಢ, ಒಂದು ನಡುತರ, ಒಂದು ತಿಳಿ ಇರಲೇಬೇಕು. ಇದನ್ನೂ ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ. ಥಾನವನ್ನು ಅಂಗಡಿ ಬಾಗಿಲಿಗೆ ತರಿಸಿ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ನಮ್ಮ ಕಡೆಯವರಿಗೆ ಖಣ ಬಿಟ್ಟರೆ ಮನಸ್ಸು ತುಂಬುವುದಿಲ್ಲ. ಗುಳೇದಗುಡ್ಡದ ಖಣದ ಬುಟ್ಟಾ ಸಣ್ಣದು, ಒತ್ತಾಗಿರುತ್ತದೆ. ಎಲ್ಲಿ ಕತ್ತರಿಸಿದರೂ ಕಿಂಡಿಯಲ್ಲಿ ಎರಡು ಮೂರು ಬುಟ್ಟಾ ಸಿಕ್ಕೇ ಸಿಗುತ್ತದೆ. ಆ ಲೆಕ್ಕಕ್ಕೆ ಷಟ್ಕೋನಕ್ಕೆ ಹೇಳಿ ಮಾಡಿಸಿದ ಬಟ್ಟೆ. ತೊಂದರೆ ಎರಡು. ಒಂದು, ಕತ್ತರಿ ತಾಗಿದ ಕೂಡಲೇ ಎಳೆ ಬಿಡುತ್ತದೆ. ಮಡಚಲು ಬಿಡುವ ಕಾಲು ಇಂಚು ಇದಕ್ಕೆ ಸಾಲದು, ಹೆಚ್ಚಾಗಿ ಅರ್ಧ ಇಂಚಿನ ಹತ್ತಿರವೇ ಬಿಡುತ್ತೇವೆ. ಎರಡನೆಯದು ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಖಣದಲ್ಲಿ ಹಾಸಿನ (ಉದ್ದದ) ಎಳೆ ಒಂದು ಬಣ್ಣ, ಹೊಕ್ಕಿನ (ಅಡ್ಡದ) ಎಳೆ ಇನ್ನೊಂದು ಬಣ್ಣ ಇರುವುದುಂಟು. ಆಗ ಬಟ್ಟೆ ತಿರುಗಿಸಿದರೆ ಹೊಳಪು ಬದಲಾಗುತ್ತದೆ. ಷಟ್ಕೋನವೋ ಆರು ದಿಕ್ಕಿಗೆ ತಿರುಗುವ ಆಕಾರ. ಒಂದೇ ಖಣದ ಆರು ಎಸಳು ಬೇರೆ ಬೇರೆ ದಿಕ್ಕಿಗೆ ಕೂತರೆ, ಎರಡು ಎಸಳು ನೇರಳೆ, ಉಳಿದವು ಕೆಂಪು ಕಂಡರೂ ಕಂಡವೇ. ಬೇಕೆಂದೇ ಹಾಗೆ ಮಾಡಿದರೆ ಅದೊಂದು ಸೊಗಸು. ಬೇಡವಾದರೆ ಪ್ರತಿ ಕಾಗದದ ಹಿಂದೆ ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿ, ಹಾಸಿನ ಎಳೆ ಅದೇ ದಿಕ್ಕಿಗೆ ಬರುವಂತೆ ಹಚ್ಚಿ. ಇಳಕಲ್ ಸೀರೆಯ ಚೌಕಡಿ ಮೈಗೂ ಇದೇ ಮಾತು.

ಹಳೇ ಸೀರೆ ತಂದುಕೊಡುವವರಿಗೆ ಸೆರಗಿನ ಕೆಂಪಿನ ಮೇಲೆ ಜೀವ. ಅದು ಬಣ್ಣ ಬಿಡುತ್ತದೋ ಇಲ್ಲವೋ ನೋಡದೆ ಕತ್ತರಿ ಹಾಕುವಂತಿಲ್ಲ. ಒದ್ದೆ ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿದರೆ ತಿಳಿಯುತ್ತದೆ. ಹೊಸ ಹತ್ತಿ ಬಟ್ಟೆಯನ್ನಂತೂ ಒಗೆದು ಒಣಗಿಸಿಯೇ ಕತ್ತರಿಸುವುದು.

"ರಾಷ್ಟ್ರಧ್ವಜ ಮಾಡುವ ಬೆಂಗೇರಿ ಇಲ್ಲೇ ಇರುವಾಗ ಖಾದಿ ಯಾಕೆ ಬೇಡ?" ಅಂತ ಕೇಳುವವರಿದ್ದಾರೆ. ಬೇಡ ಅಂತಲ್ಲ. ಷಟ್ಕೋನದ ಪ್ರತಿ ಮೂಲೆಯಲ್ಲಿ ಮೂರು ತುಂಡು ಕೂಡುತ್ತವೆ, ಮೂರರ ಮಡಿಕೆಯೂ ಅಲ್ಲೇ ಸೇರುತ್ತದೆ. ದಪ್ಪ ಖಾದಿಯಾದರೆ ಅಲ್ಲಿ ಗಂಟು ಎದ್ದು ಸೂಜಿ ಇಳಿಯುವುದಿಲ್ಲ. ಎರಡು ಇಂಚಿನ ತುಂಡಿಗಾದರೆ ನಡೆಯುತ್ತದೆ. ತೀರಾ ತೆಳು ಮಲ್‌ಮಲ್ಲಿಗೆ ತಿರುಗಾ ತೊಂದರೆ, ತಿಳಿ ಬಣ್ಣದ್ದಾದರೆ ಪಕ್ಕದ ಗಾಢ ಬಟ್ಟೆಯ ಮಡಿಕೆ ಒಳಗಿನಿಂದ ನೆರಳಾಗಿ ಕಾಣುತ್ತದೆ.

ಜನ ಕೊನೆಗೆ ಯೋಚಿಸುವುದು ದಾರಿಯ ಬಣ್ಣ, ಅಂದರೆ ಒಂದು ಹೂವನ್ನು ಇನ್ನೊಂದರಿಂದ ಬೇರ್ಪಡಿಸುವ ಷಟ್ಕೋನ ಸಾಲಿನ ಬಣ್ಣ. ನಾನು ಮೊದಲು ಕೇಳುವುದೇ ಅದನ್ನು. ನಡುವೆ ಒಂದು, ಸುತ್ತ ಆರು, ಹೀಗೆ ಏಳು ತುಂಡಿನ ಹೂವು. ಹೂವುಗಳ ನಡುವೆ ಒಂದೇ ಸಾಲಿನ ದಾರಿ ಬಿಟ್ಟರೂ ಪ್ರತಿ ಹೂವಿಗೆ ದಾರಿಯ ಐದು ತುಂಡು ಬೇಕು. 60 ಇಂಚು ಅಗಲ, 90 ಇಂಚು ಉದ್ದದ ಕೌದಿಗೆ ಒಂದು ಇಂಚಿನ ಷಟ್ಕೋನ 2000ಕ್ಕೂ ಮೇಲೆ ಹಿಡಿಯುತ್ತವೆ. ಅದರಲ್ಲಿ 850ರಷ್ಟು ಬರೀ ದಾರಿ. 44 ಇಂಚು ಅಗಲದ ಬಟ್ಟೆಯ ಒಂದು ಮೀಟರಿನಲ್ಲಿ, ಮಡಿಕೆ ಸೇರಿ ಒಂದು ತುಂಡಿಗೆ ಬೇಕಾದ ಎರಡೂವರೆ ಇಂಚಿನ ಚೌಕ 255 ಸಿಗುತ್ತವೆ. ಅಂದರೆ ಮೂರೂವರೆ ಮೀಟರ್, ಒಗೆದಾಗ ಕುಗ್ಗುವುದನ್ನು ಹಿಡಿದು ನಾಲ್ಕು. ಇದನ್ನು ಒಂದೇ ಥಾನಿನಿಂದ ಒಮ್ಮೆಲೇ ತರಬೇಕು. ಸಾಲದೆ ಬಂತು ಅಂತ ಮುಂದಿನ ತಿಂಗಳು ಹೋದರೆ ಅದೇ ಬಿಳಿ ಸಿಗುವ ಭರವಸೆ ಇಲ್ಲ.

ಬಿಳಿ ಅಂದೆ, ಆದರೆ ನಮ್ಮ ಹುಬ್ಬಳ್ಳಿ ಧೂಳಿಗೆ ಅಚ್ಚ ಬಿಳಿ ಬೇಡ ಅಂತಲೇ ನನ್ನ ಸಲಹೆ. ಹಾಫ್‌ವೈಟ್ ಒಳ್ಳೆಯದು. ಅಂಚು ಕೂಡಿಸಲು ಬೂದು ದಾರ ಸಾಕು, ತುಂಡು ತುಂಡಿಗೆ ದಾರ ಬದಲಿಸುತ್ತಾ ಕೂರಬೇಕಿಲ್ಲ. ಗಾಢ ಬಟ್ಟೆ, ತಿಳಿ ಬಟ್ಟೆ ಕೂಡುವ ಕಡೆ ಮಾತ್ರ ಗಾಢ ಬಣ್ಣದ ದಾರವನ್ನೇ ಹಿಡಿಯಿರಿ.