ಬೇಕಲ, ಕಣ್ವತೀರ್ಥದ ತೆರೆಯಂಚಿನಲ್ಲಿ ಎರಡು ಮುಂಜಾನೆ: ಲೋಹಶೋಧಕ ಹಿಡಿದು ಹೊರಡುವವರಿಗೆ

ಕಳೆದ ಅಕ್ಟೋಬರಿನಲ್ಲಿ ನಾನು ಮತ್ತು ಭಾವ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಹೊರಟು, ಒಂದು ಮುಂಜಾನೆಯನ್ನು ಬೇಕಲ ಕೋಟೆಯ ಆಚೆಗಿನ ಪಳ್ಳಿಕ್ಕರೆ ತೀರದಲ್ಲಿ, ಇನ್ನೊಂದನ್ನು ಮಂಜೇಶ್ವರದ ಕಣ್ವತೀರ್ಥದಲ್ಲಿ ಲೋಹಶೋಧಕ ಹಿಡಿದು ಕಳೆದೆವು. ಸ್ನಾನಕ್ಕಿಳಿದವರ ಬೆರಳಿನಿಂದ, ಕಿವಿಯಿಂದ ಜಾರಿದ ವಸ್ತುಗಳನ್ನು ಮೊಣಕಾಲುದ್ದದ ನೀರಿನಲ್ಲಿ ಹುಡುಕುವ ಈ ಕೆಲಸಕ್ಕೆ ಹೊರಡಬೇಕೆಂದಿರುವವರು ಯಂತ್ರದ ಬೆಲೆ ವಿಚಾರಿಸುವ ಮೊದಲು ಪಂಚಾಂಗ ತೆರೆಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಏಕೆಂದರೆ ಇಲ್ಲಿ ಎಲ್ಲವೂ ಇಳಿತದ ಮೇಲೆ ನಿಂತಿದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ಇಳಿತವೂ ದೊಡ್ಡದಾಗಿರುವುದರಿಂದ ಉಳಿದ ದಿನಗಳಲ್ಲಿ ಸೊಂಟದ ಮಟ್ಟ ನೀರಿರುವ ಜಾಗ ಆಗ ಮೊಣಕಾಲಿಗೆ ಇಳಿಯುತ್ತದೆ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಪೂರ್ತಿ ಇಳಿಯುವುದಕ್ಕೆ ಒಂದೂವರೆ ಗಂಟೆ ಮೊದಲೇ ಇಳಿದು, ನೀರಿನ ಜೊತೆಗೇ ಹೊರಮುಖವಾಗಿ ಸಾಗಿ, ತಿರುಗಿ ಏರತೊಡಗಿದ ಒಂದು ಗಂಟೆಯೊಳಗೆ ದಡಕ್ಕೆ ಬರಬೇಕು. ಋತುವಿನ ವಿಷಯವೂ ಹೀಗೆಯೇ. ಮಳೆಗಾಲದ ತೆರೆಗಳು ದಡದ ಮರಳನ್ನು ಕಿತ್ತು ಕಡಲೊಳಕ್ಕೆ ಒಯ್ಯುತ್ತವೆ. ಮಳೆ ನಿಂತ ಮೇಲೆ ಅದೇ ಮರಳು ಮೆಲ್ಲನೆ ಮರಳಿ ಬಂದು ತುಂಬಿಕೊಳ್ಳುತ್ತದೆ. ಭಾರದ ವಸ್ತುಗಳು ಮರಳಿನೊಳಗೆ ಇಳಿಯುತ್ತಾ ಹೋಗಿ ಗಟ್ಟಿ ಪದರದ ಮೇಲೆ ಕೂರುವುದರಿಂದ, ಮೇಲಿನ ಮರಳು ತೆಳುವಾಗಿರುವ ಅಕ್ಟೋಬರ್ ತಿಂಗಳೇ ನಮಗೆ ಸರಿ ಎನ್ನಿಸಿತು. ಜನವರಿಯಲ್ಲಿ ಕಡಲು ಇನ್ನೂ ಶಾಂತವಾಗಿರುತ್ತದೆ, ಆದರೆ ಹುಡುಕುವ ವಸ್ತುವಿನ ಮೇಲೆ ಎರಡಡಿ ಮರಳು ಕೂತಿದ್ದರೆ ಉಂಗುರದಷ್ಟು ಚಿಕ್ಕದನ್ನು ಯಂತ್ರ ಗುರುತಿಸಲಾರದು.

ಯಂತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮೊದಲ ಡಿಟೆಕ್ಟರನ್ನು ಮಾರಿದವರು ಅದು ನೀರಿಗೆ ಆಗುತ್ತದೆ ಎಂದಿದ್ದರು. ವಾಸ್ತವದಲ್ಲಿ ನೀರು ತಡೆಯುತ್ತಿದ್ದುದು ಮರಳಿನ ಮೇಲೆ ಬೀಸುವ ಕೆಳತುದಿಯ ಬಿಲ್ಲೆ, ಅಂದರೆ ಕಾಯಿಲ್ ಮಾತ್ರ. ಪಳ್ಳಿಕ್ಕರೆಯಲ್ಲಿ ಎದೆಮಟ್ಟದ ಒಂದೇ ಒಂದು ತೆರೆ ಹಿಡಿಯ ಬಳಿಯ ಪೆಟ್ಟಿಗೆಯನ್ನು ತೋಯಿಸಿತು, ಅದು ಮತ್ತೆ ಮಾತಾಡಲಿಲ್ಲ. ಆದ್ದರಿಂದ ಪೆಟ್ಟಿಗೆಯೂ ಹೆಡ್‌ಫೋನೂ ಮುಳುಗಬಲ್ಲವೇ, ಎಷ್ಟು ಮೀಟರ್ ಆಳದವರೆಗೆ ಎಂಬುದನ್ನು ಬರಹದಲ್ಲಿ ನೋಡಿಯೇ ಹಣ ಕೊಡಿ. ಎರಡನೆಯ ತೊಡಕು ಉಪ್ಪಿನದು. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುವುದರಿಂದ ಒಂದೇ ಕಂಪನಾಂಕದಲ್ಲಿ ಕೆಲಸ ಮಾಡುವ ಸಾಮಾನ್ಯ ಯಂತ್ರಕ್ಕೆ ಕಡಲೇ ಒಂದು ದೊಡ್ಡ ಲೋಹದಂತೆ ಕಾಣುತ್ತದೆ, ಅದು ಸುಮ್ಮಸುಮ್ಮನೆ ಕೂಗುತ್ತದೆ. ಏಕಕಾಲಕ್ಕೆ ಹಲವು ಕಂಪನಾಂಕಗಳನ್ನು ಬಳಸುವ ಯಂತ್ರ ಅಥವಾ ವಿದ್ಯುತ್ತನ್ನು ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಹರಿಸುವ ಪಲ್ಸ್ ಇಂಡಕ್ಷನ್ ಮಾದರಿ ಇದಕ್ಕೆ ಬೇಕು. ಎರಡನೆಯದು ಹೆಚ್ಚು ಆಳಕ್ಕೆ ಹೋಗುತ್ತದಾದರೂ ಕಬ್ಬಿಣವನ್ನು ಬೇರ್ಪಡಿಸಿ ಹೇಳುವುದರಲ್ಲಿ ಹಿಂದೆ. ಗೆಳೆಯರೊಬ್ಬರಿಂದ ಎರವಲು ತಂದಿದ್ದ ಬಹುಕಂಪನಾಂಕದ ಯಂತ್ರ ಕಾರಿನಲ್ಲಿದ್ದುದರಿಂದ ನಮ್ಮ ಪ್ರವಾಸ ಉಳಿಯಿತು. ಕಾಯಿಲನ್ನು ದಡಕ್ಕೆ ಸಮಾನಾಂತರವಾಗಿ, ಮರಳಿಗೆ ತಾಗಿಸಿದಂತೆ, ನಿಧಾನವಾಗಿ ಬೀಸಿ. ಒಮ್ಮೆ ಒದ್ದೆ ಮರಳು, ಒಮ್ಮೆ ನೊರೆ ಎಂದು ಅಡ್ಡಡ್ಡ ಬೀಸಿದರೆ ಎಂಥ ಯಂತ್ರವೂ ತಡಬಡಿಸುತ್ತದೆ.

ಯಂತ್ರ ಕಬ್ಬಿಣಕ್ಕೆ ಕೂಗದಂತೆ ಆ ಸದ್ದನ್ನು ಪೂರ್ತಿ ಮುಚ್ಚಿಬಿಡುವ ಮುನ್ನ ಒಂದು ವಿಷಯ ನೆನಪಿರಲಿ: ನಮ್ಮ ಈಚಿನ ಒಂದು, ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು, ಅವೂ ಕಬ್ಬಿಣದ ಜೊತೆ ಮಾಯವಾಗುತ್ತವೆ. ನಾಣ್ಯಕ್ಕಾಗಿ ಯಾರೂ ಹೋಗುವುದಿಲ್ಲ ನಿಜ, ಆದರೆ ನಾಣ್ಯ ಸಿಕ್ಕ ಕಡೆ ಉಂಗುರವೂ ಇರಬಹುದು. ಅಲೆ ಭಾರವಾದುದನ್ನೆಲ್ಲ ಒಂದೇ ತಗ್ಗಿಗೆ ಸೇರಿಸುತ್ತದೆ. ಇನ್ನು ತೆಳು ಬಂಗಾರದ ಹಾಗೆಯೇ ಕೂಗಿ ಆಸೆ ಹುಟ್ಟಿಸುವುದು ಬೀಸುಬಲೆಯಿಂದ ಕಳಚಿದ ಸೀಸದ ಗುಂಡು. ಆ ಆಸೆಯಿಂದಲೇ ಪ್ರತಿಯೊಂದನ್ನೂ ತೋಡಬೇಕು, ಬಿಟ್ಟುಹೋದ ಸದ್ದಿನಲ್ಲಿ ಏನಿತ್ತೆಂದು ಆಮೇಲೆ ತಿಳಿಯುವ ದಾರಿಯಿಲ್ಲ.

ತೋಡುವುದಕ್ಕೆ ತಳದಲ್ಲಿ ತೂತುಗಳಿರುವ, ಉದ್ದ ಹಿಡಿಯ ಉಕ್ಕಿನ ಸ್ಕೂಪ್ ಬೇಕು. ಸದ್ದು ಕೇಳಿದೊಡನೆ ಆ ಜಾಗದ ಹಿಂದೆ ಕಾಲಿನ ಹೆಬ್ಬೆರಳು ಊರಿ ನಿಲ್ಲಬೇಕು, ಇಲ್ಲವಾದರೆ ಮುಂದಿನ ತೆರೆಗೆ ಗುರುತೇ ಅಳಿಸುತ್ತದೆ. ಪಳ್ಳಿಕ್ಕರೆಯಲ್ಲಿ ಹೀಗೆ ನಿಂತು ಮೂರು ಸಲ ಸ್ಕೂಪ್ ಹಾಕಿದರೂ ಸದ್ದು ಗುಂಡಿಯಲ್ಲೇ ಉಳಿದಿತ್ತು. ನಾಲ್ಕನೆಯ ಸಲ ಭಾವ ಸ್ಕೂಪನ್ನು ನೀರಿನಲ್ಲಿ ಅಲ್ಲಾಡಿಸಿದಾಗ ಮರಳು, ಚಿಪ್ಪಿನ ಚೂರುಗಳೆಲ್ಲ ಸೋರಿ, ಮೂಲೆಯಲ್ಲಿ ಕಪ್ಪಗಿನ ಒಂದು ಸುತ್ತು ಉಳಿಯಿತು: ಬೆಳ್ಳಿಯ ಕಾಲುಂಗುರ. ಸಮುದ್ರದಲ್ಲಿ ಬೆಳ್ಳಿ ಕಪ್ಪಾಗುತ್ತದೆ. ತುದಿಯನ್ನು ಉಜ್ಜಿದ ಮೇಲೆ ಅದರ ಹೂವಿನ ಕೆತ್ತನೆ ಕಂಡಿತು. ಅದನ್ನು ತೀರದ ಲೈಫ್‌ಗಾರ್ಡ್ ಕೈಗೆ ಕೊಟ್ಟು ಬಂದೆವು, ಯಾರಾದರೂ ಕೇಳಿಕೊಂಡು ಬರಬಹುದೆಂಬ ನಿರೀಕ್ಷೆ ನನಗೆ ಈಗಲೂ ಇದೆ.

ಕೋಟೆಯ ಬಳಿ ಮಾತ್ರ ಯಂತ್ರ ಆನ್ ಮಾಡಲೇಬೇಡಿ. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಎದ್ದ ಬೇಕಲ ಕೋಟೆ ಇಂದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಮಣ್ಣಿನಲ್ಲಿರುವುದು ಅಲ್ಲಿಯೇ ಇರಬೇಕಾದದ್ದು. ನಾವು ಗೋಡೆಯಿಂದ ಸಾಕಷ್ಟು ದೂರ, ಜನರು ಸ್ನಾನಕ್ಕಿಳಿಯುವ ಭಾಗದಲ್ಲಷ್ಟೇ ಹುಡುಕಿದೆವು, ಮುಂಚಿತವಾಗಿ ಪೊಲೀಸ್ ಠಾಣೆಗೂ ತಿಳಿಸಿದ್ದೆವು. 1878ರ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ. ಹಳೆಯ ನಾಣ್ಯದಂಥದ್ದೇನಾದರೂ ಕಂಡರೆ ತೊಳೆಯದೆ, ತಿಕ್ಕದೆ ಒಪ್ಪಿಸಿ.

ಒಬ್ಬರೇ ಇಳಿಯಬೇಡಿ. ಹೆಡ್‌ಫೋನ್ ಹಾಕಿ ತಲೆ ತಗ್ಗಿಸಿದವನಿಗೆ ಬರುವ ತೆರೆ ಕೇಳುವುದಿಲ್ಲ, ಆದ್ದರಿಂದ ಇನ್ನೊಬ್ಬರು ಕಡಲಿನತ್ತ ಮುಖ ಮಾಡಿ ನಿಂತಿರಬೇಕು. ಕಾಲ ಕೆಳಗೆ ನೀರು ಹೊರಕ್ಕೆ ಎಳೆದರೆ ಅದರ ವಿರುದ್ಧ ಸೆಣಸದೆ ದಡಕ್ಕೆ ಸಮಾನಾಂತರವಾಗಿ ಸರಿಯಿರಿ. ಹೊರಡುವ ಹಿಂದಿನ ರಾತ್ರಿ ಕಡಲಿನ ಸ್ಥಿತಿಯ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆಯನ್ನು ನೋಡಿ. ಆಕಾಶ ತಿಳಿಯಾಗಿರುವಾಗಲೂ ದೂರದ ಗಾಳಿ ಎಬ್ಬಿಸಿದ ಅಲೆಗಳು ಈ ಕರಾವಳಿಗೆ ಏಕಾಏಕಿ ನುಗ್ಗುವುದುಂಟು.

ಮಂಗಳೂರಿನಿಂದ ಬರುವವರಿಗೆ ಕಣ್ವತೀರ್ಥ ಹತ್ತಿರ, ಬೇಕಲಕ್ಕೆ ಕಾಸರಗೋಡು ದಾಟಿ ಹೋಗಬೇಕು. ಪಳ್ಳಿಕ್ಕರೆಯಲ್ಲಿ ಮಲಯಾಳ, ಕಣ್ವತೀರ್ಥದಲ್ಲಿ ತುಳು ಬಂದರೆ ವಿಚಾರಿಸುವುದು ಸುಲಭ. ಯಂತ್ರವನ್ನು ಸಿಹಿನೀರಿನಲ್ಲಿ ತೊಳೆಯಲು ಎರಡು ಕ್ಯಾನ್ ನೀರನ್ನು ಕಾರಿನಲ್ಲೇ ಒಯ್ಯಿರಿ.

ಕಣ್ವತೀರ್ಥದಲ್ಲಿ ನಮಗೆ ಬಾಟಲಿ ಮುಚ್ಚಳಗಳು ಮತ್ತು ಹದಿನಾಲ್ಕು ಸೀಸದ ಗುಂಡುಗಳಷ್ಟೇ ಸಿಕ್ಕಿದವು. ದಡದಲ್ಲಿ ಬೀಸುಬಲೆ ಹರವಿ ಕೂತಿದ್ದ ಹಿರಿಯರೊಬ್ಬರಿಗೆ ಗುಂಡುಗಳನ್ನು ತೋರಿಸಿದಾಗ ಅವರು ಒಂದೊಂದನ್ನೇ ಅಂಗೈಯಲ್ಲಿ ತೂಗಿ ನೋಡಿ ಒಂಬತ್ತನ್ನು ಆರಿಸಿಕೊಂಡರು, ನಾವು ಯಂತ್ರ ತೊಳೆದು ಮುಗಿಸುವಷ್ಟರಲ್ಲಿ ಅವುಗಳಲ್ಲಿ ನಾಲ್ಕನ್ನು ಬಲೆಯ ಅಂಚಿಗೆ ಕಟ್ಟಿಯಾಗಿತ್ತು.