ಹಳೆಯ ಹಾಯಿದೋಣಿಯ ಹುಡುಕಾಟದಲ್ಲಿ

ಅಮೆರಿಕದಲ್ಲಿ ಹಾಯಿದೋಣಿ ಕೊಳ್ಳಲು ಹೊರಟಿದ್ದೇವೆಂದು ಊರಿನವರಿಗೆ ತಿಳಿಸಿದರೆ, ಇವರ ಕೈಯಲ್ಲಿ ದುಡ್ಡು ಹೆಚ್ಚಾಗಿದೆ ಎಂದೇ ಅವರು ಭಾವಿಸುವುದು ಸಹಜ. ವಾಸ್ತವದಲ್ಲಿ 1970 ಮತ್ತು 80ರ ದಶಕಗಳಲ್ಲಿ ಕಟ್ಟಿದ, ಇಪ್ಪತ್ತೈದರಿಂದ ಮೂವತ್ತು ಅಡಿ ಉದ್ದದ ಎಷ್ಟೋ ದೋಣಿಗಳು ಇಲ್ಲಿ ಸಾಧಾರಣ ಹಳೆಯ ಕಾರಿನ ಬೆಲೆಗೇ ಸಿಗುತ್ತವೆ. ಇದಕ್ಕೆ ಮುಖ್ಯ ಕಾರಣ ಫೈಬರ್‌ಗ್ಲಾಸ್. ಅದಕ್ಕೆ ಗೆದ್ದಲಿಲ್ಲ, ಮರದಂತೆ ಕೊಳೆಯುವ ಗುಣವೂ ಇಲ್ಲ. ಅರ್ಧ ಶತಮಾನ ಕಳೆದ ಮೇಲೂ ದೋಣಿಯ ಒಡಲು ಗಟ್ಟಿಯಾಗಿಯೇ ಉಳಿದಿರುತ್ತದೆ. ಫ್ರ್ಯಾಂಕ್ ಬಟ್ಲರ್ ಅವರು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿ ಬೆಳೆಸಿದ ಕ್ಯಾಟಲಿನಾ ಕಂಪನಿ ಇಂಥ ಕೌಟುಂಬಿಕ ದೋಣಿಗಳನ್ನು ಸಾವಿರಗಟ್ಟಲೆ ತಯಾರಿಸಿತು, ಅವುಗಳಲ್ಲಿ ಬಹಳಷ್ಟು ಇಂದಿಗೂ ನೀರಿನಲ್ಲಿವೆ. ಆದ್ದರಿಂದ ದೋಣಿ ಸಿಗುವುದು ಇಲ್ಲಿ ಕಷ್ಟವಲ್ಲ. ಹಿಂದಿನ ಮಾಲೀಕರು ಅದನ್ನು ಹೇಗೆ ನೋಡಿಕೊಂಡಿದ್ದಾರೆಂದು ಕಂಡುಕೊಳ್ಳುವುದೇ ಕಷ್ಟ, ಮತ್ತು ನನ್ನ ಮಟ್ಟಿಗೆ ತಯಾರಾದ ವರ್ಷಕ್ಕಿಂತ ಹೆಚ್ಚಿನ ತೂಕ ಅದಕ್ಕೇ ಸಲ್ಲಬೇಕು.

ಮೊದಲು ಎಷ್ಟು ದೂರ ಹೋಗಬಲ್ಲೆವೆಂಬ ಲೆಕ್ಕ. ಹಾಯಿದೋಣಿಯ ಗರಿಷ್ಠ ವೇಗವನ್ನು ಹೆಚ್ಚು ಕಡಿಮೆ ಅದು ನೀರನ್ನು ಮುಟ್ಟುವ ಭಾಗದ ಉದ್ದವೇ ನಿರ್ಧರಿಸುತ್ತದೆ: ಆ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್‌ಗಳಲ್ಲಿ (ಗಂಟೆಗೆ ಒಂದು ನಾಟಿಕಲ್ ಮೈಲಿ ಎಂದರೆ ಒಂದು ನಾಟ್) ವೇಗ ಸಿಗುತ್ತದೆ. ಇಪ್ಪತ್ತೈದು ಅಡಿಗೆ ಇದು 6.7 ನಾಟ್. ಗಾಳಿಯ ಮರ್ಜಿಯನ್ನು ಗಣನೆಗೆ ತೆಗೆದುಕೊಂಡರೆ ಸರಾಸರಿ ಐದು ನಾಟ್ ಬಂದರೆ ಸಾಕು ಎನ್ನಬೇಕು. ಶನಿವಾರ ನಾಲ್ಕು ಗಂಟೆ ಸಾಗಿದರೆ ಇಪ್ಪತ್ತು ನಾಟಿಕಲ್ ಮೈಲಿ, ಅಂದರೆ ಸುಮಾರು ಮೂವತ್ತೇಳು ಕಿಲೋಮೀಟರ್. ರಾತ್ರಿ ಎಲ್ಲಾದರೂ ಲಂಗರು ಹಾಕಿ ತಂಗಿ, ಭಾನುವಾರ ಅಷ್ಟೇ ದೂರ ಹಿಂದಿರುಗಬೇಕು. ಸಾಗರ ದಾಟುವ ಕನಸಿನಲ್ಲಿ ಭಾರೀ ದೋಣಿ ಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು, ಏಕೆಂದರೆ ದೋಣಿ ಉದ್ದವಾದಂತೆ ಅದನ್ನು ಕಟ್ಟಿಡುವ ತಾಣವಾದ ಮರೀನಾದ ಬಾಡಿಗೆ, ತಳಕ್ಕೆ ಬಳಿಯುವ ಬಣ್ಣ, ಹಾಯಿಯ ಬಟ್ಟೆ ಎಲ್ಲದರ ಖರ್ಚೂ ಏರುತ್ತದೆ.

ಮಕ್ಕಳೊಂದಿಗೆ ಹೋಗುವವರು ನೋಡಬೇಕಾದದ್ದು ಬೇರೆಯೇ ಇದೆ. ಕೂರುವ ಜಾಗ, ಅಂದರೆ ಕಾಕ್‌ಪಿಟ್, ಆಳವಾಗಿದ್ದು ಬೆನ್ನಿಗೆ ಆಸರೆ ಕೊಡುವಂತಿರಬೇಕು. ಗಾಳಿಗೆ ದೋಣಿ ಹದಿನೈದು ಡಿಗ್ರಿ ವಾಲಿದಾಗ ಅನುಭವಸ್ಥರಿಗೆ ಅದು ಸುಖವೆನಿಸಿದರೂ, ಮಕ್ಕಳಿಗೆ ದೋಣಿಯೇ ಮಗುಚಿತೆಂಬ ಭಯವಾಗುತ್ತದೆ. ಮುಂಭಾಗದ ಹಾಯಿಯನ್ನು ಕಾಕ್‌ಪಿಟ್‌ನಿಂದಲೇ ಹಗ್ಗ ಎಳೆದು ಸುತ್ತಿಡುವ ವ್ಯವಸ್ಥೆ ನಮಗಂತೂ ಅನಿವಾರ್ಯ. ಒಬ್ಬರು ಮಕ್ಕಳ ಮೇಲೆ ಕಣ್ಣಿಟ್ಟಿದ್ದರೆ ಇನ್ನೊಬ್ಬರು ಡೆಕ್ಕಿನ, ಅಂದರೆ ದೋಣಿಯ ಮೇಲ್ಗಡೆಯ ನೆಲದ, ತುದಿಗೆ ಹೋಗದೆಯೇ ದೋಣಿಯನ್ನು ಸಂಭಾಳಿಸಬಹುದು. ಬಾಗಿಲಿರುವ ಶೌಚಾಲಯವೂ ಅಷ್ಟೇ ಮುಖ್ಯ. ಜಾಹೀರಾತುಗಳಲ್ಲಿ ಹಾಯಿಗಳ ವರ್ಣನೆ ಧಾರಾಳವಾಗಿರುತ್ತದೆ, ಇದರ ಪ್ರಸ್ತಾಪ ಮಾತ್ರ ಅಪರೂಪ. ತೀರದಿಂದ ಮೂರು ನಾಟಿಕಲ್ ಮೈಲಿಯೊಳಗೆ ಶೌಚದ ನೀರನ್ನು ಸಂಸ್ಕರಿಸದೆ ಹೊರಬಿಡುವುದು ಇಲ್ಲಿ ಕಾನೂನುಬಾಹಿರವಾದ್ದರಿಂದ ದೋಣಿಯಲ್ಲಿ ಅದಕ್ಕೆಂದೇ ಟ್ಯಾಂಕ್ ಇರುತ್ತದೆ, ಹಳೆಯ ಕೊಳವೆಗಳು ವರ್ಷಗಳ ವಾಸನೆಯನ್ನು ಹೀರಿಕೊಂಡಿರುತ್ತವೆ. ಕ್ಯಾಬಿನ್ನಿನ ಬಾಗಿಲು ತೆರೆದ ಕ್ಷಣವೇ ಮೂಗು ಹೇಳುವುದನ್ನು ನಂಬಬೇಕು. ಸುಗಂಧದ ಡಬ್ಬಿ ಇಟ್ಟಿದ್ದರೆ ಇನ್ನಷ್ಟು ಅನುಮಾನಿಸಬೇಕು.

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲವೆಂದೆ, ಆದರೆ ಡೆಕ್ಕಿನ ಕಥೆ ಬೇರೆ. ತೂಕ ಹೆಚ್ಚಾಗದೆ ಗಟ್ಟಿಯಾಗಲೆಂದು ಡೆಕ್ಕಿನ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರವನ್ನೋ ಪ್ಲೈವುಡ್ಡನ್ನೋ ಇಟ್ಟಿರುತ್ತಾರೆ. ಕಂಬಿ, ರಾಟೆ, ಕೊಕ್ಕೆಗಳಿಗಾಗಿ ಅದರಲ್ಲಿ ಹತ್ತಾರು ತೂತು ಕೊರೆದು ಬೋಲ್ಟ್ ಹಾಕಿರುತ್ತಾರೆ. ಬೋಲ್ಟಿನ ಸುತ್ತಲಿನ ಅಂಟು ಒಣಗಿ ಬಿರುಕು ಬಿಟ್ಟರೆ ಮಳೆಯ ನೀರು ಸದ್ದಿಲ್ಲದೆ ಒಳಗಿಳಿದು ಆ ಮರವನ್ನು ವರ್ಷಗಟ್ಟಲೆ ನೆನೆಸುತ್ತದೆ. ಪರೀಕ್ಷಿಸಲು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ಸಾಕು. ಹಿಡಿಯಿಂದ ಗೇಣುಗೇಣಾಗಿ ತಟ್ಟುತ್ತ ಹೋದರೆ ಆರೋಗ್ಯವಂತ ಡೆಕ್ ಟಣಟಣ ಎನ್ನುತ್ತದೆ. ಒಳಗೆ ಕೊಳೆತಿರುವಲ್ಲಿ ದನಿ ಸತ್ತು ದಬ್ ಎಂದು ಕೇಳುತ್ತದೆ. ಚೆನ್ನಾಗಿ ಬಣ್ಣ ಬಳಿದು ಹೊಳೆಯುವ ದೋಣಿಯೊಂದರಲ್ಲಿ ಹಾಯಿಕಂಬದ ಬುಡದ ಸುತ್ತ ಹೀಗೆ ತಟ್ಟಿದಾಗ, ಎರಡು ಬೊಗಸೆಯಷ್ಟು ಜಾಗ ಪೂರ್ತಿ ಮಂಕಾಗಿ ಕೇಳಿಸಿತು. ಕಾಲೂರಿದರೆ ಆ ಜಾಗ ತುಸು ತಗ್ಗುತ್ತಲೂ ಇತ್ತು. ಮಾಲೀಕರು ಬಣ್ಣದ ಗುಣಮಟ್ಟದ ಬಗ್ಗೆ ಮಾತು ಮುಂದುವರಿಸಿದರು, ನಾವು ಮುಂದಿನ ದೋಣಿಯತ್ತ ನಡೆದೆವು.

ಹಾಯಿಕಂಬವನ್ನು ನೆಟ್ಟಗೆ ನಿಲ್ಲಿಸುವ ಉಕ್ಕಿನ ತಂತಿಗಳೂ, ಅವು ಒಡಲಿಗೆ ಬಿಗಿದುಕೊಳ್ಳುವ ಉಕ್ಕಿನ ಪಟ್ಟಿಗಳೂ ಹೊರನೋಟಕ್ಕೆ ಮೋಸ ಮಾಡುತ್ತವೆ. ಸ್ಟೇನ್‌ಲೆಸ್ ಸ್ಟೀಲಿಗೆ ರಕ್ಷಣೆ ಕೊಡುವ ತೆಳು ಪದರ ಉಳಿಯಲು ಆಮ್ಲಜನಕ ಬೇಕು. ಡೆಕ್ಕಿನೊಳಗೆ ಹುದುಗಿ, ಒದ್ದೆಯಲ್ಲಿ, ಗಾಳಿಯಾಡದೆ ಉಳಿದ ಭಾಗವು ಸಂದಿನಿಂದಲೇ ತುಕ್ಕು ಹಿಡಿಯುತ್ತದೆ. ಕ್ಯಾಬಿನ್ನಿನ ಬೀರುಗಳನ್ನು ತೆರೆದು, ಪಟ್ಟಿಯ ಕೆಳಗಿನ ಮರದ ಮೇಲೆ ಕಂದು ಗೆರೆಗಳಿವೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು. ತಂತಿಗಳನ್ನು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಕೊನೆಯ ಬಾರಿ ಯಾವಾಗ ಬದಲಿಸಿದಿರಿ ಎಂಬ ಪ್ರಶ್ನೆಗೆ ರಸೀದಿ ತೋರಿಸುವ ಮಾಲೀಕರಿಗೆ ಒಂದಿಷ್ಟು ಹೆಚ್ಚು ಕೊಡಲು ನಾನು ಸಿದ್ಧ.

ಎಂಜಿನ್ನನ್ನು ನೋಡಲು ಹೋದಾಗ ಮೊದಲು ಅದರ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ, ತಣ್ಣಗಿರುವಾಗ ಸುಲಭವಾಗಿ ಹೊತ್ತಿಕೊಳ್ಳದ ಎಂಜಿನ್ನನ್ನು ನಾವು ಬರುವ ಮೊದಲೇ ಶುರುಮಾಡಿ ಇಟ್ಟಿರಬಹುದು. ನಿಲ್ಲದೆ ಬರುವ ಕಪ್ಪು ಹೊಗೆ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದೂ, ನೀಲಿ ಹೊಗೆ ಆಯಿಲ್ ಉರಿಯುತ್ತಿದೆಯೆಂದೂ ಸೂಚಿಸುತ್ತದೆ. ಹಳೆಯ ಎಷ್ಟೋ ದೋಣಿಗಳಲ್ಲಿ ಅಟಾಮಿಕ್ ಫೋರ್ ಎಂಬ ಪೆಟ್ರೋಲ್ ಎಂಜಿನ್ ಇದೆ. ಅದು ಒಳ್ಳೆಯ ಎಂಜಿನ್ನೇ, ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಪ್ರತಿ ಬಾರಿಯೂ ಶುರುಮಾಡುವ ಮುನ್ನ ನಾಲ್ಕು ನಿಮಿಷ ಫ್ಯಾನ್ ಓಡಿಸಿ ಅದನ್ನು ಹೊರಹಾಕಬೇಕು. ಮಕ್ಕಳು ಮಲಗುವ ದೋಣಿಗೆ ನಾನು ಡೀಸೆಲನ್ನೇ ಬಯಸುತ್ತೇನೆ.

ಇಷ್ಟೆಲ್ಲ ನೋಡಿ ಮನಸ್ಸಿಗೆ ಒಪ್ಪಿದ ಮೇಲೆ, ದೋಣಿಯನ್ನು ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ ಬರಬೇಕು. ಸರ್ವೆಯೂ ನೀರಿನಲ್ಲಿ ಓಡಿಸಿ ನೋಡುವುದೂ ತೃಪ್ತಿಕರವಾಗಿದ್ದರೆ ಮಾತ್ರ ಕೊಳ್ಳುವುದಾಗಿ, ಇಲ್ಲವಾದರೆ ಮುಂಗಡ ಹಿಂದಿರುಗಿಸಬೇಕೆಂದು ಒಪ್ಪಂದದಲ್ಲೇ ಬರೆಸುವುದು ಇಲ್ಲಿನ ರೂಢಿ. ದೋಣಿಯನ್ನು ನೀರಿನಿಂದ ಮೇಲೆತ್ತಿಸುವ ಖರ್ಚು ಮತ್ತು ಸರ್ವೇಯರ್ ಶುಲ್ಕ ಕೊಳ್ಳುವವರದೇ. ಸರ್ವೇಯರನ್ನು ದಲ್ಲಾಳಿಯ ಶಿಫಾರಸಿನಿಂದ ಆರಿಸದೆ, ಸ್ಯಾಮ್ಸ್ ಅಥವಾ ನ್ಯಾಮ್ಸ್ ಎಂಬ ಸರ್ವೇಯರುಗಳ ಸಂಘಗಳ ಪಟ್ಟಿಯಿಂದ ನಾವೇ ಹುಡುಕಿಕೊಳ್ಳುವುದು ಮೇಲು. ದೋಣಿಯ ಹಿಂಬದಿಯ ಬಲ ಮೂಲೆಯಲ್ಲಿ ಹನ್ನೆರಡು ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ, ಅದು ಮಾಲೀಕತ್ವದ ಪತ್ರದಲ್ಲಿರುವ ಸಂಖ್ಯೆಯೊಂದಿಗೆ ತಾಳೆಯಾಗಬೇಕು. ಸರ್ವೆಯ ವರದಿ ವಿಮೆಗೂ ಬೇಕಾಗುತ್ತದೆ: ಹಳೆಯ ದೋಣಿಗೆ ವರದಿಯಿಲ್ಲದೆ ವಿಮೆ ಸಿಗುವುದು ಕಷ್ಟ, ವಿಮೆಯಿಲ್ಲದಿದ್ದರೆ ಬಹಳಷ್ಟು ಮರೀನಾಗಳು ಜಾಗ ಕೊಡುವುದಿಲ್ಲ. ಆದ್ದರಿಂದ ಹಣ ಪಾವತಿಸುವ ಮೊದಲೇ ಮರೀನಾದಲ್ಲಿ ಜಾಗವಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಕೆಲವು ಕಡೆ ಕಾಯುವವರ ಪಟ್ಟಿ ವರ್ಷಗಟ್ಟಲೆ ಉದ್ದವಿರುತ್ತದೆ.